ಕೊಂಚೆರ್ಟೊ

ಕಿರಿಯ ವಾದ್ಯವೃಂದದ ಮುಂದೆ ಪಿಟೀಲುವಾದಕನೊಬ್ಬನು ಏಕಾಕಿಯಾಗಿ ನಿಂತು ನುಡಿಸುವ ಕೃತಿಪ್ರಕಾರಕ್ಕೆ ಇಟಲಿಯವರಿತ್ತ ಕೊಂಚೆರ್ಟೊ ಎಂಬ ಹೆಸರು ತನ್ನೊಡಲಿನಲ್ಲಿಯೇ ಒಂದು ವಿರೋಧವನ್ನು ಹೊತ್ತಿದೆ. ಲ್ಯಾಟಿನ್ನಿನಲ್ಲಿ ‘ಕೊಂಚೆರ್ತಾರೆ’ ಎಂದರೆ ಸ್ಪರ್ಧಿಸು, ವಾಗ್ವಾದ ಮಾಡು. ಅದೇ ಶಬ್ದವು ಇಟಲಿಯ ನುಡಿಗೆ ಬಂದು ಹೊಂದಿಸು, ಒಡಂಬಡು ಎಂಬ ಅರ್ಥವನ್ನು ತಳೆಯಿತು. ಜರ್ಮನಿಯ ಸಂಗೀತಕಾರ ಪ್ರೆಟೋರಿಯಸನು 1619ರಲ್ಲಿ ಸ್ಪರ್ಧೆಯ ಅರ್ಥವನ್ನೇ ಎತ್ತಿಹಿಡಿದನು; ಆ ಕಾಲದಲ್ಲಿ ಗಾಯಕರೂ ವಾದ್ಯಗಳೂ ಕೂಡಿದ ಕೃತಿಗಳಿಗೂ ಈ ಹೆಸರು ಸಲ್ಲುತ್ತಿದ್ದಿತು. ಒಂಟಿ ಪಿಟೀಲಿಗೆ ಅದು ಚೆನ್ನಾಗಿ ಒಗ್ಗಿದುದು ಇಟಲಿಯ ಸಂಗೀತಕಾರ ವಿವಾಲ್ಡಿಯ ಕಾಲಕ್ಕೆ. ಮೊಜಾರ್ಟನು 1775ರಲ್ಲಿ ಸಾಲ್ಸ್‌ಬರ್ಗಿನಲ್ಲಿ ರಚಿಸಿದ ಎ ಮೇಜರ್ ಕೊಂಚೆರ್ಟೊವಿನಲ್ಲಿ, ವೃಂದವು ದ್ರುತಗತಿಯಿಂದ ಪೀಠಿಕೆಯನ್ನು ಮುಗಿಸಿದೊಡನೆ, ಆ ವೇಗಕ್ಕೆ ತಾನು ಕಟ್ಟುಬಿದ್ದಿಲ್ಲವೆಂಬಂತೆ ಪಿಟೀಲು ವಿಲಂಬದಲ್ಲಿ ಪ್ರವೇಶಿಸುತ್ತದೆ. ಇದು ಕಲಹವೋ, ಒಡಂಬಡಿಕೆಯೋ? ನನ್ನ ಕಿವಿಗಂತೂ ವಿನಯಶಾಲಿಯೊಬ್ಬನ ಪ್ರತಿವಾದದಂತೆ ಕೇಳಿಸುತ್ತದೆ.