ಟೋರಿ ಕ್ಯಾನಿಯನ್ ದುರಂತ: ತೊಳೆದವರಿಂದಾದ ಹಾನಿ

1967ರ ಮಾರ್ಚ್ 18ರಂದು ‘ಟೋರಿ ಕ್ಯಾನಿಯನ್’ ಎಂಬ ತೈಲವಾಹಕ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಹಾಗೂ ಸಿಲಿ ದ್ವೀಪಗಳ ನಡುವಿನ ಬಂಡೆಸಾಲಿಗೆ ಅಪ್ಪಳಿಸಿತು. ಅದರಲ್ಲಿ ಕುವೈತಿನ ಸುಮಾರು 1,19,000 ಟನ್ ಕಚ್ಚಾ ತೈಲವಿತ್ತು. ಭರತದ ವೇಳೆಗೆ ಮಿಲ್‌ಫರ್ಡ್ ಹೇವನ್ ಬಂದರನ್ನು ಸೇರದಿದ್ದರೆ ಕೆಲವು ದಿನ ಹೊರಗೆ ಕಾಯಬೇಕಾಗುತ್ತಿದ್ದುದರಿಂದ ಕಪ್ತಾನನು ಹತ್ತಿರದ ದಾರಿ ಹಿಡಿದಿದ್ದನು. ಸರಕು ತಡವಾದರೆ ಆಗುವ ನಷ್ಟವನ್ನು ವ್ಯಾಪಾರಿಗಳೆಲ್ಲ ಬಲ್ಲರು. ಕಡಲತೀರದ ಜೀವಿಗಳಿಗೆ ಮಾತ್ರ ಆ ಖಾತೆಪುಸ್ತಕದಲ್ಲಿ ಪುಟವೇ ಇರಲಿಲ್ಲ.

ಹಡಗು ಒಡೆಯಿತು. ಉಳಿದ ತೈಲವನ್ನು ಸುಡಲು ವಿಮಾನಗಳಿಂದ ಬಾಂಬ್ ಹಾಕಲಾಯಿತು. ಆದರೆ ತೀರದ ನಿಜವಾದ ಸಂಕಟ ಆರಂಭವಾದದ್ದು ಶುಚಿಕಾರ್ಯದಿಂದ. ಪ್ರವಾಸಿಗರ ಋತು ಸಮೀಪಿಸಿತ್ತು. ಮರಳು ಬೇಗನೆ ಬೆಳ್ಳಗಾಗಬೇಕಿತ್ತು. ಕಡಲಿಗೂ ಬಂಡೆಗಳಿಗೂ ಸುಮಾರು 10,000 ಟನ್ ಮಾರ್ಜಕವನ್ನು ಸುರಿದರು. ಯಂತ್ರಗಳ ಜಿಡ್ಡು ತೆಗೆಯಲು ತಯಾರಾಗಿದ್ದ ಆ ದ್ರಾವಣವು ತೈಲಕ್ಕಿಂತ ಹೆಚ್ಚು ವಿಷಕಾರಿಯಾಗಿತ್ತು. ಇದನ್ನು ಪ್ಲಿಮತ್ ಪ್ರಯೋಗಾಲಯದ ವಿಜ್ಞಾನಿಗಳು 1968ರ ತಮ್ಮ ವರದಿಯಲ್ಲಿ ಸ್ಪಷ್ಟಪಡಿಸಿದರು.

ಬಂಡೆಗೆ ಕಚ್ಚಿಕೊಂಡು ಬದುಕುವ, ಟೋಪಿಯಾಕಾರದ ಚಿಪ್ಪುಳ್ಳ ಲಿಂಪೆಟ್ ಎಂಬ ಜೀವಿಗಳು ಅಪಾರವಾಗಿ ಸತ್ತವು. ಪಾಚಿಯನ್ನು ಕೆರೆದು ತಿಂದು ಬಂಡೆಯನ್ನು ಹದದಲ್ಲಿಡುವುದು ಅವುಗಳ ಕೆಲಸ. ಅವು ಅಳಿದೊಡನೆ ಮೊದಲು ಹಸಿರು ಪಾಚಿಯೂ ಅನಂತರ ಕಂದುಬಣ್ಣದ ಕಡಲಕಳೆಯೂ ಬಂಡೆಗಳನ್ನು ಮುಸುಕಿದವು. ನೋಡಿದವರಿಗೆ ತೀರ ಚಿಗುರಿತೆಂದೇ ತೋರಿರಬೇಕು! ಆ ಕಳೆಯ ನೆರಳಿನಲ್ಲಿ ಎಳೆಯ ಲಿಂಪೆಟ್‌ಗಳು ಮಿತಿಮೀರಿ ಬೆಳೆದವು, ಕಳೆಯನ್ನೆಲ್ಲ ತಿಂದವು, ಬಳಿಕ ಆಹಾರವಿಲ್ಲದೆ ಗುಂಪುಗುಂಪಾಗಿ ಅಲೆದು ಮತ್ತೆ ಕ್ಷೀಣಿಸಿದವು. ಹೆಚ್ಚು ಮಾರ್ಜಕ ಬಿದ್ದ ತೀರಗಳಲ್ಲಿ ಈ ಏರಿಳಿತವು ಶಮನಗೊಳ್ಳಲು 10ರಿಂದ 15 ವರ್ಷ ಹಿಡಿಯಿತು.

ಅದೇ ಕಾರ್ನ್‌ವಾಲಿನ ಗೊಡ್ರೆವಿ ಎಂಬಲ್ಲಿಗೂ ತೈಲ ಬಂದಿತ್ತು. ಅಲ್ಲಿ ಸೀಲ್ ಪ್ರಾಣಿಗಳಿದ್ದುದರಿಂದ, ಅವುಗಳಿಗೆ ತೊಂದರೆಯಾಗಬಾರದೆಂದು ಮಾರ್ಜಕವನ್ನು ಬಳಸಲಿಲ್ಲ. ಚಿಪ್ಪುಜೀವಿಗಳನ್ನು ಆಗ ಯಾರೂ ನೆನೆದಿರಲಾರರು. ಸೀಲ್‌ಗಳ ಮೇಲಿನ ಕನಿಕರವೇ ಅವುಗಳನ್ನೂ ಕಾಯಿತು. ಲಿಂಪೆಟ್‌ಗಳು ಬಹುಮಟ್ಟಿಗೆ ಉಳಿದು, ಎಂದಿನಂತೆ ಬಂಡೆಯನ್ನು ಕೆರೆಯುತ್ತ ಸಾಗಿದವು. ಎರಡು ಮೂರು ವರ್ಷಗಳಲ್ಲಿ ಗೊಡ್ರೆವಿಯ ತೀರ ಮೊದಲಿನಂತಾಯಿತು.