ಗಂಡ ಸೈನಿಕ, ಹೆಂಡತಿಗೆ ಸೂರಿಲ್ಲ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೀದಿಗಳಲ್ಲಿ ಬಾಡಿಗೆ ಮನೆ ಹುಡುಕಿ ಅಲೆದವರಿಗೆ ಒಂದು ಅನುಭವ ಹೊಸದಲ್ಲ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ನೋಡಿ ಗೇಟು ತಟ್ಟಿದರೆ ಬಾಡಿಗೆ, ಅಡ್ವಾನ್ಸಿನ ಮಾತಿಗೂ ಮುಂಚೆ ಬೇರೆ ಪ್ರಶ್ನೆಗಳು ಬರುತ್ತವೆ. ನೀವು ಯಾವ ಜನ? ಯಜಮಾನರು ಏನು ಮಾಡುತ್ತಾರೆ? ಮನೆಯಲ್ಲಿ ಯಾರ್ಯಾರು ಇರುತ್ತೀರಿ? ಗಂಡ ದೂರದಲ್ಲಿ ದುಡಿಯುತ್ತಿದ್ದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಬಂದಿದ್ದರಂತೂ ಪ್ರಶ್ನೆಗಳು ಇನ್ನೂ ಹೆಚ್ಚು. ಸೂರು ಸಿಗಲು ಹಣವೊಂದೇ ಸಾಲದು. ನೀನು ಯಾರಿಗೆ ಸೇರಿದವಳು ಎಂಬುದಕ್ಕೆ ಎದುರಿನವರು ಒಪ್ಪುವಂತಹ ಉತ್ತರವೂ ಬೇಕು.

ಇದೇ ಪ್ರಶ್ನೆ ನೂರಾರು ಹೆಂಗಸರಿಗೆ ಸಾವು ಬದುಕಿನ ಪ್ರಶ್ನೆಯಾದ ಒಂದು ಪ್ರಸಂಗ ಅಮೆರಿಕದ ಇತಿಹಾಸದಲ್ಲಿದೆ. ಅವರು ಯುದ್ಧದಲ್ಲಿ ಸೇವೆ ಸಲ್ಲಿಸುತ್ತಿದ್ದ ಕಪ್ಪು ಸೈನಿಕರ ಹೆಂಡತಿಯರು. ಅವರನ್ನು ಬೀದಿಗೆ ತಳ್ಳಿದ್ದು ಶತ್ರುಗಳಲ್ಲ, ಅವರ ಗಂಡಂದಿರೇ ಸೇರಿದ್ದ ಸೈನ್ಯ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯಿತು. ಗುಲಾಮರ ವಿಮೋಚನೆಯ ಬಗ್ಗೆ ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ ಘೋಷಣೆಯನ್ನು ನಾವು ಶಾಲೆಯ ಪಾಠಗಳಲ್ಲಿ ಓದಿದ್ದೇವೆ. ಆದರೆ ಆ ಘೋಷಣೆ ಅನ್ವಯವಾದದ್ದು ದಂಗೆಯೆದ್ದ ರಾಜ್ಯಗಳಿಗೆ ಮಾತ್ರ. ಕೆಂಟಕಿ ಗುಲಾಮಗಿರಿ ಜಾರಿಯಲ್ಲಿದ್ದ ರಾಜ್ಯವಾದರೂ ಒಕ್ಕೂಟವನ್ನು ಬಿಟ್ಟು ಹೋಗಿರಲಿಲ್ಲ. ಹಾಗಾಗಿ ಅಲ್ಲಿನ ಗುಲಾಮರು ಘೋಷಣೆಯ ನಂತರವೂ ಗುಲಾಮರಾಗಿಯೇ ಉಳಿದರು.

1864ರಲ್ಲಿ ಸೈನ್ಯಕ್ಕೆ ಜನ ಸಾಲದಾದಾಗ ಕೆಂಟಕಿಯ ಗುಲಾಮರಿಗೂ ಸೇನೆಯ ಬಾಗಿಲು ತೆರೆಯಿತು. ಸೇರಿದವನು ಆ ಕ್ಷಣದಿಂದ ಸ್ವತಂತ್ರ. ರಾಜ್ಯದ ಕ್ಯಾಂಪ್ ನೆಲ್ಸನ್ ಎಂಬ ಸೇನಾ ಶಿಬಿರವೊಂದರಲ್ಲೇ 10,000ಕ್ಕೂ ಹೆಚ್ಚು ಕಪ್ಪು ಸೈನಿಕರು ಸೇರ್ಪಡೆಯಾದರು. ಆದರೆ ಈ ಸ್ವಾತಂತ್ರ್ಯ ಗಂಡಸಿನದು ಮಾತ್ರವಾಗಿತ್ತು. ಅವನ ಹೆಂಡತಿ ಮಕ್ಕಳು ಹಿಂದಿನಂತೆಯೇ ಧಣಿಯ ಸ್ವತ್ತು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲವಾದ್ದರಿಂದ ಆಕೆ ಕಾನೂನಿನ ಕಣ್ಣಿನಲ್ಲಿ 'ಹೆಂಡತಿ'ಯೂ ಅಲ್ಲ.

ಆಳು ಕೈತಪ್ಪಿದ ಸಿಟ್ಟನ್ನು ಎಷ್ಟೋ ಧಣಿಗಳು ಉಳಿದವರ ಮೇಲೆ ತೀರಿಸಿಕೊಂಡರು. ಹೊಡೆತ, ಹಸಿವು ತಾಳಲಾರದೆ ಹೆಂಗಸರು ಗಂಡಂದಿರಿದ್ದ ಶಿಬಿರಕ್ಕೇ ಬಂದರು. ಕೆಲವರು ಡೇರೆಗಳಲ್ಲಿ, ಕೆಲವರು ತಾವೇ ಕಟ್ಟಿಕೊಂಡ ಗುಡಿಸಲುಗಳಲ್ಲಿ ಬಾಳತೊಡಗಿದರು. ಸೈನಿಕರ ಬಟ್ಟೆ ಒಗೆದು, ಅಡುಗೆ ಮಾಡಿ ಹೊಟ್ಟೆ ಹೊರೆದರು. ಶಿಬಿರವಿರುವುದು ಸೈನಿಕರಿಗಾಗಿ, ಸಂಸಾರಗಳಿಗಲ್ಲ ಎಂಬುದು ಅಧಿಕಾರಿಗಳ ವಾದ. ಹಲವು ಸಲ ಅವರನ್ನು ಹೊರಗೆ ಹಾಕಲಾಯಿತು. ಹೋಗಲು ಬೇರೆ ಜಾಗವಿಲ್ಲದೆ ಅವರು ಮರಳಿ ಬಂದರು.

ಕೊನೆಗೆ 1864ರ ನವೆಂಬರ್‌ನ ಕೊನೆಯ ವಾರದಲ್ಲಿ, ಎಲ್ಲವೂ ಹೆಪ್ಪುಗಟ್ಟುವ ಚಳಿಯಲ್ಲಿ, ಶಿಬಿರದ ಮುಖ್ಯಸ್ಥ ಜನರಲ್ ಸ್ಪೀಡ್ ಫ್ರೈ ಆದೇಶ ನೀಡಿದ. ಸುಮಾರು 400 ಮಂದಿ ಹೆಂಗಸರು ಮಕ್ಕಳನ್ನು ಬಂಡಿಗಳಲ್ಲಿ ತುಂಬಿ ಹೊರಗಟ್ಟಲಾಯಿತು. ಮತ್ತೆ ಮರಳದಿರಲೆಂದು ಗುಡಿಸಲುಗಳಿಗೆ ಬೆಂಕಿ ಇಡಲಾಯಿತು.

ಜೋಸೆಫ್ ಮಿಲ್ಲರ್ ಎಂಬ ಸೈನಿಕನ ಹೆಂಡತಿ ಹಾಗೂ ನಾಲ್ಕು ಮಕ್ಕಳು ಅವರಲ್ಲಿದ್ದರು. ಒಬ್ಬ ಮಗ ಕಾಯಿಲೆಯಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ. ಈ ಚಳಿಗೆ ಹುಡುಗ ಉಳಿಯಲಾರ ಎಂದು ಮಿಲ್ಲರ್ ಕಾವಲಿನವನನ್ನು ಬೇಡಿಕೊಂಡ. ಬಂಡಿ ಹತ್ತದಿದ್ದರೆ ಎಲ್ಲರನ್ನೂ ಗುಂಡಿಟ್ಟು ಕೊಲ್ಲುವೆನೆಂಬ ಬೆದರಿಕೆ ಉತ್ತರವಾಗಿ ಬಂತು. ರಾತ್ರಿ ಮಿಲ್ಲರ್ ಸುಮಾರು 10 ಕಿಲೋಮೀಟರ್ ನಡೆದು ನಿಕೊಲಸ್‌ವಿಲ್ ತಲುಪಿದಾಗ, ಕಪ್ಪು ಜನರ ಹಳೆಯ ಪ್ರಾರ್ಥನಾ ಕಟ್ಟಡವೊಂದರಲ್ಲಿ ಅವನ ಸಂಸಾರ ನಡುಗುತ್ತಾ ಕುಳಿತಿತ್ತು. ಹುಡುಗ ಆಗಲೇ ಪ್ರಾಣ ಬಿಟ್ಟಿದ್ದ. ಶಿಸ್ತು ಮೀರದ ಆ ಸೈನಿಕ ರಾತ್ರಿಯೇ ಶಿಬಿರಕ್ಕೆ ಮರಳಿದ. ಬೆಳಿಗ್ಗೆ ಮತ್ತೆ ನಡೆದುಹೋಗಿ, ತಾನೇ ಗುಂಡಿ ತೋಡಿ ಮಗನನ್ನು ಮಣ್ಣು ಮಾಡಿದ.

ನವೆಂಬರ್ 26ರಂದು ಮಿಲ್ಲರ್ ಇದನ್ನೆಲ್ಲ ಪ್ರಮಾಣ ಮಾಡಿ ಹೇಳಿಕೆಯಾಗಿ ಬರೆಸಿದ. ಕ್ಯಾಪ್ಟನ್ ಥೆರನ್ ಹಾಲ್ ಎಂಬ ಅಧಿಕಾರಿ ಇಂತಹ ಹೇಳಿಕೆಗಳನ್ನು ಸಂಗ್ರಹಿಸಿದ. ಸುದ್ದಿ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯಲ್ಲಿ ಪ್ರಕಟವಾಗಿ ದೇಶವೇ ತಲೆತಗ್ಗಿಸಿತು. ಸೈನ್ಯ ತನ್ನ ಆದೇಶವನ್ನು ಹಿಂತೆಗೆದುಕೊಂಡಿತು. ಅದೇ ಶಿಬಿರದಲ್ಲಿ ನಿರಾಶ್ರಿತರಿಗಾಗಿ ವಸತಿ, ಶಾಲೆ, ಆಸ್ಪತ್ರೆಗಳು ಎದ್ದವು. ಅಲ್ಲಿಯೂ ವಾದವಿತ್ತು. ದೊಡ್ಡ ಸಾಮೂಹಿಕ ವಸತಿಗಳೇ ಸಾಕೆಂಬ ಅಭಿಪ್ರಾಯವಿದ್ದಾಗ, ಪ್ರತಿ ಸಂಸಾರಕ್ಕೂ ತನ್ನದೇ ಪುಟ್ಟ ಮನೆ ಬೇಕೆಂದು ಪಾದ್ರಿ ಜಾನ್ ಫೀ ಹಟ ಹಿಡಿದರು. ಕೊನೆಗೆ ಪುಟ್ಟ ಮನೆಗಳೂ ಬಂದವು. 3,000ಕ್ಕೂ ಹೆಚ್ಚು ಮಂದಿ ಅಲ್ಲಿ ನೆಲೆ ಕಂಡರು.

1865ರ ಮಾರ್ಚ್ 3ರಂದು ಅಮೆರಿಕದ ಸಂಸತ್ತು ಕಪ್ಪು ಸೈನಿಕರ ಹೆಂಡತಿ ಮಕ್ಕಳೂ ಸ್ವತಂತ್ರರು ಎಂದು ಕಾಯಿದೆ ಮಾಡಿತು. ದಂಪತಿಯಂತೆ ಕೂಡಿ ಬಾಳಿದ್ದಕ್ಕೆ ಸಾಕ್ಷಿಯಿದ್ದರೆ ಸಾಕು, ಅದನ್ನೇ ಮದುವೆ ಎಂದು ಒಪ್ಪಬೇಕೆಂಬ ಮಾತೂ ಅದರಲ್ಲಿತ್ತು. ತಲೆಯ ಮೇಲೊಂದು ಸೂರು ಬೇಕೆಂದು ಶುರುವಾದ ಜಗಳ, ಹೆಂಡತಿ ಎಂದರೆ ಯಾರು ಎಂಬುದನ್ನೇ ಕಾನೂನಿಗೆ ಹೊಸದಾಗಿ ಕಲಿಸಿತು.

ಆದರೆ ಈ ಪಾಠಕ್ಕೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಹೊರಗಟ್ಟಲ್ಪಟ್ಟ 400 ಮಂದಿಯಲ್ಲಿ 102 ಮಂದಿ ಸತ್ತರು. ಹೊಸ ವಸತಿಯಲ್ಲೂ ರೋಗಕ್ಕೆ ನೂರಾರು ಜನ ಬಲಿಯಾದರು. ಕೆಲವೇ ವಾರಗಳಲ್ಲಿ ಮಿಲ್ಲರನ ಹೆಂಡತಿ ಮತ್ತು ಉಳಿದ ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. 1865ರ ಜನವರಿ 6ರಂದು ಅವನೂ ಕಣ್ಣು ಮುಚ್ಚಿದ. ಕಾಯಿದೆ ಬರುವ ಹೊತ್ತಿಗೆ ಅದರ ಫಲ ಉಣ್ಣಲು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಉಳಿದದ್ದು ಅವನು ಬರೆಸಿದ ಆ ಹೇಳಿಕೆ ಮಾತ್ರ. 2018ರಲ್ಲಿ ಅಮೆರಿಕ ಸರಕಾರ ಆ ನೆಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು.

ಅಂದಿನ ಕೆಂಟಕಿಗೂ ಇಂದಿನ ನಮ್ಮ ಬಡಾವಣೆಗಳಿಗೂ ಹೋಲಿಕೆ ಸಲ್ಲದು, ನಿಜ. ಇಲ್ಲಿ ಯಾರೂ ಯಾರ ಸ್ವತ್ತೂ ಅಲ್ಲ. ಆದರೂ ಮಕ್ಕಳ ಕೈಹಿಡಿದು ಹೆಣ್ಣೊಬ್ಬಳು ಗೇಟಿನ ಮುಂದೆ ನಿಂತಾಗ ನಾವು ಮೊದಲು ಕೇಳುವುದು ಏನನ್ನು? ನೀನು ಯಾರವಳು ಎಂದೇ, ಅಥವಾ ನಿನಗೆ ಎಷ್ಟು ಕೋಣೆ ಬೇಕಮ್ಮ ಎಂದೇ?