ಮಂಗಳೂರು–ಬೆಂಗಳೂರು: ವಿಮಾನದಲ್ಲಿ ಎಷ್ಟು ಹೊತ್ತು, ರಸ್ತೆಯಲ್ಲಿ ಎಷ್ಟು ಹೊತ್ತು?

ಮಂಗಳೂರು ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಎರಡರ ನಡುವಿನ ಅಂತರ ಸುಮಾರು 300 ಕಿ.ಮೀ. ಹಾಸನ ಮಾರ್ಗದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇದು ಸುಮಾರು 350 ಕಿ.ಮೀ. ಆಗುತ್ತದೆ. ವಿಮಾನ ಸುಮಾರು ಒಂದು ಗಂಟೆಯಲ್ಲಿ ತಲುಪಿದರೆ, ಬಸ್ಸಿಗೆ ಏಳೆಂಟು ಗಂಟೆ ಬೇಕು.

ಆದರೆ ಕಾಸರಗೋಡಿನವರಿಗೆ ಈ ಒಂದು ಗಂಟೆಯ ಲೆಕ್ಕ ಸರಿಹೊಂದುವುದಿಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ 50 ಕಿ.ಮೀ., ಅಲ್ಲಿಂದ ಬಜಪೆ ವಿಮಾನ ನಿಲ್ದಾಣಕ್ಕೆ ಮತ್ತೆ ಹತ್ತು ಹದಿಮೂರು ಕಿ.ಮೀ. ಇದಕ್ಕೇ ಎರಡು ಗಂಟೆ ಬೇಕು. ವಿಮಾನ ಹೊರಡುವ ಒಂದೂವರೆ ಗಂಟೆ ಮೊದಲಾದರೂ ನಿಲ್ದಾಣದಲ್ಲಿರಬೇಕು. ಬೆಂಗಳೂರಿನಲ್ಲಿ 2008ರ ಮೇ ತಿಂಗಳವರೆಗೆ ವಿಮಾನ ಇಳಿಯುತ್ತಿದ್ದುದು ನಗರದೊಳಗಿನ ಎಚ್‌ಎಎಲ್ ನಿಲ್ದಾಣದಲ್ಲಿ. ಈಗ ಇಳಿಯುವುದು ದೇವನಹಳ್ಳಿಯಲ್ಲಿ. ಅಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು 35 ಕಿ.ಮೀ., ವಾಹನ ದಟ್ಟಣೆಯಿದ್ದರೆ ಒಂದೂವರೆ ಗಂಟೆ. ಎಲ್ಲ ಕೂಡಿಸಿದರೆ ಆರು ಗಂಟೆ! ರಾತ್ರಿ ಬಸ್ಸಿಗಿಂತ ಉಳಿಯುವುದು ಎರಡು ಗಂಟೆ, ಹೆಚ್ಚೆಂದರೆ ಮೂರು.

ಬೆಳಿಗ್ಗೆ ನಿಮ್ಹಾನ್ಸ್‌ನಂಥ ಆಸ್ಪತ್ರೆಗೋ ಸಂದರ್ಶನಕ್ಕೋ ಹೋಗಬೇಕಾದವರಿಗೆ ರಾತ್ರಿ ಬಸ್ಸೇ ಅನುಕೂಲ. ಮುಂಜಾನೆ ಇಳಿದು, ಕೆಲಸ ಮುಗಿಸಿ, ಅದೇ ರಾತ್ರಿ ಮರಳಬಹುದು, ಲಾಡ್ಜಿನ ಖರ್ಚಿಲ್ಲ. ಕುಳಿತು ಪ್ರಯಾಣಿಸಲಾಗದ ರೋಗಿಗಳ ಮಾತು ಬೇರೆ. 2018ರ ಡಿಸೆಂಬರ್‌ನಲ್ಲಿ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದದ್ದು ನೀಲೇಶ್ವರದಾಚೆಯವರಿಗೆ ಪ್ರಯೋಜನವಾಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಬಜಪೆಯೇ ಹತ್ತಿರ.

ಮುಳ್ಳೇರಿಯ, ಆದೂರು ಕಡೆಯವರು ಮಂಗಳೂರಿಗೆ ಹೋಗಬೇಕಾಗಿಯೇ ಇಲ್ಲ. ಜಾಲ್ಸೂರು, ಸುಳ್ಯ, ಮಡಿಕೇರಿ, ಮೈಸೂರು ಮಾರ್ಗವಾಗಿ ಕಾಸರಗೋಡಿನಿಂದ ಬೆಂಗಳೂರಿಗೆ 360–370 ಕಿ.ಮೀ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ, ಮೂರು ಗಂಟೆ ಹಿಡಿಯುತ್ತಿದ್ದ ಆ ಭಾಗಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಸಾಕಾಗಿದೆ. ನಗರದೊಳಗೆ ಸಿಕ್ಕಿಬಿದ್ದರೆ ಆ ಉಳಿತಾಯ ಅಲ್ಲೇ ಕರಗುತ್ತದೆ, ಅದು ಬೇರೆ ಮಾತು.

ಯಾವ ರಸ್ತೆ ಹಿಡಿದರೂ ಘಟ್ಟ ಹತ್ತಲೇಬೇಕು. ಶಿರಾಡಿ ಘಾಟಿಯಲ್ಲಿ ಮಂಗಳೂರಿನಿಂದ ಬರುವ ಟ್ಯಾಂಕರುಗಳ ಹಿಂದೆ ಸಿಕ್ಕಿದರೆ ಬಸ್ಸು ತೆವಳಬೇಕಾಗುತ್ತದೆ. ಕಾಂಕ್ರೀಟು ಕಾಮಗಾರಿಗಾಗಿ 2015 ಮತ್ತು 2018ರಲ್ಲಿ ಈ ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು. 2018ರ ಆಗಸ್ಟ್ ಮಳೆಯಲ್ಲಿ ಶಿರಾಡಿಯೂ ಸಂಪಾಜೆ–ಮಡಿಕೇರಿ ರಸ್ತೆಯೂ ಗುಡ್ಡ ಕುಸಿದು ಬಂದ್ ಆದವು. ಆಗ ಉಳಿಯುವ ದಾರಿಗಳಲ್ಲಿ ಚಾರ್ಮಾಡಿ ಒಂದು. ಅದು ಕಿರಿದು, ತಿರುವುಗಳೂ ಹೆಚ್ಚು. ಹಾಗಾಗಿ ಜುಲೈ–ಆಗಸ್ಟ್‌ನಲ್ಲಿ ಹೊರಡುವವರು ಟಿಕೆಟು ಮಾಡಿಸುವ ಮೊದಲು ಘಾಟಿ ತೆರೆದಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ರೈಲು ನಿಧಾನ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ಯಲ್ಲೇ 57 ಸುರಂಗಗಳಿವೆ. ಅಲ್ಲಿಯೂ ಮಳೆಯ ಕಾಟ ತಪ್ಪಿದ್ದಲ್ಲ: 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾದಾಗ ರೈಲು ಸಂಚಾರ ಸ್ಥಗಿತಗೊಂಡು, ಆಗಸ್ಟ್‌ನಲ್ಲಿ ಮತ್ತೆ ಆರಂಭವಾಯಿತು.